ಉಳಿಬೆಳಕಿನ ಶಿಖರದಿಂದ ಗಾಮಾ ಕಿರಣ ಸ್ಫೋಟದ ವೇಗವನ್ನು ಅಳೆಯುವ ಬಗೆ

ಗಾಮಾ ಕಿರಣ ಸ್ಫೋಟವೊಂದರಿಂದ ಚಿಮ್ಮಿದ ದ್ರವ್ಯ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದನ್ನು ನೇರವಾಗಿ ಅಳೆಯುವ ದಾರಿ ಇಲ್ಲವೆಂದೇ ಹೇಳಬೇಕು. ನೂರಾರು ಕೋಟಿ ಜ್ಯೋತಿರ್ವರ್ಷಗಳ ಆಚೆ ನಡೆದ ಘಟನೆ ದೂರದರ್ಶಕದಲ್ಲಿ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಆ ಚುಕ್ಕೆ ಸರಿದಾಡುವುದು ಕಾಣುವುದಿಲ್ಲ, ಹೊರಹರಿವಿನ ವೇಗವನ್ನು ಓದಿಕೊಳ್ಳಬಹುದಾದ ರೋಹಿತ ರೇಖೆಗಳೂ ಅದರ ಬೆಳಕಿನಲ್ಲಿ ಇರುವುದಿಲ್ಲ. ಆದರೆ ಸ್ಫೋಟದ ಬೆನ್ನಿಗೇ ಹುಟ್ಟುವ ಉಳಿಬೆಳಕು, ಅಂದರೆ ಖಗೋಳಜ್ಞರು ಆಫ್ಟರ್‌ಗ್ಲೋ ಎನ್ನುವ ಹೊಳಪು, ಮೊದಲ ಕೆಲವು ನಿಮಿಷಗಳಲ್ಲಿ ಏರಿ, ಒಂದು ಶಿಖರ ಮುಟ್ಟಿ, ಬಳಿಕ ದಿನಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಆ ತಿರುವಿನ ಕ್ಷಣ ಯಾವುದೆಂದು ಗೊತ್ತಾದರೆ ಹೊರಹರಿವಿನ ಆರಂಭದ ವೇಗವನ್ನು ಲೆಕ್ಕ ಹಾಕಬಹುದು.

ಈ ಕೈಪಿಡಿ ದ್ಯುತಿಮಾಪನದ ಮೂಲ ಕೆಲಸ ಬಲ್ಲವರಿಗಾಗಿ, ಅಂದರೆ ಚಿತ್ರಗಳಿಂದ ಕಾಂತಿಮಾನ ತೆಗೆಯಲು ಮತ್ತು ಲಾಗರಿದಮ್ ಅಕ್ಷಗಳ ಮೇಲೆ ಗೆರೆ ಹೊಂದಿಸಲು ಬರುವವರಿಗಾಗಿ ಬರೆದದ್ದು. ಮೊದಲೇ ಒಂದು ಮಾತು: ಇಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬುವುದು ಹತ್ತು ನಿಮಿಷದ ಕೆಲಸ. ಕಂಡ ಶಿಖರ ನಿಜಕ್ಕೂ ಹೊರಹರಿವು ನಿಧಾನಗೊಂಡದ್ದರಿಂದ ಬಂದ ಶಿಖರವೇ, ಕಾಲವನ್ನು ಎಲ್ಲಿಂದ ಎಣಿಸಬೇಕು, ಸುತ್ತಲಿನ ಅನಿಲ ಎಂಥದ್ದು ಎಂಬ ಮೂರು ಪ್ರಶ್ನೆಗಳೇ ಉಳಿದ ಸಮಯವನ್ನೆಲ್ಲ ನುಂಗುತ್ತವೆ, ನುಂಗಲೂಬೇಕು.

ಅಳೆಯುವುದು ಏನನ್ನು

ಇಷ್ಟು ವೇಗದಲ್ಲಿ ಸೆಕೆಂಡಿಗೆ ಇಂತಿಷ್ಟು ಕಿಲೋಮೀಟರ್ ಎಂದು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಎಲ್ಲ ಸ್ಫೋಟಗಳ ಹೊರಹರಿವೂ ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ ವೇಗದಲ್ಲೇ ಓಡುತ್ತದೆ. ಹಾಗಾಗಿ ವೇಗ ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಬೆಳೆಯುತ್ತಾ ಹೋಗುವ ಲೊರೆಂಟ್ಜ್ ಗುಣಕವನ್ನು ಅಳೆಯುತ್ತೇವೆ. ಈ ಗುಣಕ 100 ಆಗಿದ್ದರೆ ಹೊರಹರಿವು ಬೆಳಕಿಗಿಂತ ಸೆಕೆಂಡಿಗೆ ಸುಮಾರು 15 ಕಿಲೋಮೀಟರ್ ಹಿಂದೆ ಬೀಳುತ್ತದೆ. 400 ಆಗಿದ್ದರೆ ಒಂದು ಕಿಲೋಮೀಟರಿಗಿಂತ ತುಸು ಕಡಿಮೆ. ಸುಮಾರು 14 ಕಿಲೋಮೀಟರಿನ ಈ ಅಂತರ 3 ಲಕ್ಷ ಕಿಲೋಮೀಟರಿನ ಮುಂದೆ ಲೆಕ್ಕಕ್ಕಿಲ್ಲ ಎನಿಸಬಹುದು, ಆದರೆ ಅಷ್ಟೇ ದ್ರವ್ಯವನ್ನು 100ರ ಬದಲು 400ಕ್ಕೆ ಒಯ್ಯಲು ನಾಲ್ಕು ಪಟ್ಟು ಶಕ್ತಿ ಬೇಕು.

ಗುಣಕ ನೂರರ ಮೇಲಿರಲೇಬೇಕು ಎಂಬುದಕ್ಕೆ ಉಳಿಬೆಳಕಿಗೆ ಮುಂಚಿನಿಂದಲೂ ಒಂದು ವಾದವಿದೆ. ಗಾಮಾ ಕಿರಣಗಳ ಹೊಳಪು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಅವಧಿಯಲ್ಲಿ ಏರಿಳಿಯುತ್ತದೆ; ಹಾಗಿದ್ದರೆ ಮೂಲ ಬಹಳ ಚಿಕ್ಕದಿರಬೇಕು; ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಫೋಟಾನುಗಳು ತುಂಬಿಕೊಂಡರೆ ಒಂದಕ್ಕೊಂದು ಡಿಕ್ಕಿ ಹೊಡೆದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಗಳಾಗಿ ಬಿಡುತ್ತವೆ, ಗಾಮಾ ಕಿರಣ ಹೊರಬರುವುದೇ ಇಲ್ಲ. ಮೂಲ ನಮ್ಮತ್ತ ಭಾರೀ ವೇಗದಲ್ಲಿ ಬರುತ್ತಿದ್ದರೆ ಮಾತ್ರ ಈ ಇಕ್ಕಟ್ಟು ಬಿಡಿಸಿಕೊಳ್ಳುತ್ತದೆ. ಆದರೆ ಈ ವಾದ ಕೊಡುವುದು ಕನಿಷ್ಠ ಮಿತಿಯನ್ನು. ಉಳಿಬೆಳಕಿನ ಶಿಖರ ಕೊಡುವುದು ಬೆಲೆಯನ್ನೇ.

ಅದರ ಹಿಂದಿನ ಭೌತಶಾಸ್ತ್ರ ಸರಳ. ಹೊರಹರಿವು ತನ್ನ ಮುಂದಿನ ಅನಿಲವನ್ನು ಗುಡಿಸಿಕೊಂಡು ಹೋಗುತ್ತದೆ. ಮುಂದೆ ಸಾಗುವ ಆಘಾತ ತರಂಗದಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಸಿಂಕ್ರೋಟ್ರಾನ್ ವಿಕಿರಣ ಸೂಸುತ್ತವೆ. ಗುಡಿಸಿದ ಅನಿಲ ಹೆಚ್ಚಿದಂತೆ ಹೊಳಪು ಏರುತ್ತದೆ. ಹಾಗೆ ಗುಡಿಸಿದ ರಾಶಿ ಹೊರಹರಿವಿನ ಸ್ವಂತ ರಾಶಿಯನ್ನು ಲೊರೆಂಟ್ಜ್ ಗುಣಕದಿಂದ ಭಾಗಿಸಿದಷ್ಟಕ್ಕೆ ಬಂದಾಗ ಶಕ್ತಿಯ ದೊಡ್ಡ ಪಾಲು ಅನಿಲಕ್ಕೆ ದಾಟಿರುತ್ತದೆ, ಹೊರಹರಿವು ಜಗ್ಗಿ ನಿಧಾನಗೊಳ್ಳುತ್ತದೆ, ಹೊಳಪು ಇಳಿಮುಖವಾಗುತ್ತದೆ. ವೇಗ ಹೆಚ್ಚಿದ್ದಷ್ಟೂ ಈ ಘಟ್ಟ ನಮ್ಮ ಗಡಿಯಾರದಲ್ಲಿ ಬೇಗ ಬರುತ್ತದೆ. ಬೆಳಕಿನ ಬೆನ್ನು ಹತ್ತಿಯೇ ಓಡುವ ಮೂಲ ತಿಂಗಳುಗಟ್ಟಲೆ ಸೂಸಿದ ಬೆಳಕು ನಮಗೆ ಒಂದೆರಡು ನಿಮಿಷಗಳಲ್ಲಿ ಒತ್ತೊತ್ತಾಗಿ ಬಂದು ಸೇರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕ ವಿಚಿತ್ರವಾಗಿ ತೋರುವುದಿಲ್ಲ.

ದತ್ತಾಂಶ

2004ರ ನವೆಂಬರಿನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹಕ್ಕೆ ಮುಂಚೆ ಮೊದಲ ನಿಮಿಷಗಳ ಉಳಿಬೆಳಕು ಸಿಗುತ್ತಿದ್ದುದೇ ಅಪರೂಪ. 1999ರ ಜನವರಿ 23ರ ಸ್ಫೋಟದಲ್ಲಿ ರೋಟ್ಸಿ ಎಂಬ ಪುಟ್ಟ ಸ್ವಯಂಚಾಲಿತ ಕ್ಯಾಮೆರಾ 9ನೇ ಕಾಂತಿಮಾನದ ಮಿಂಚನ್ನು ಹಿಡಿದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಸ್ವಿಫ್ಟ್ ಬಂದ ಮೇಲೆ ಸ್ಫೋಟದ ಸ್ಥಾನ ಸೆಕೆಂಡುಗಳಲ್ಲಿ ಭೂಮಿಗೆ ತಲುಪತೊಡಗಿತು, ತಾನಾಗಿಯೇ ತಿರುಗುವ ದೂರದರ್ಶಕಗಳು ಒಂದು ನಿಮಿಷದೊಳಗೆ ಅತ್ತ ಕಣ್ಣು ನೆಡತೊಡಗಿದವು.

ಈ ಕೈಪಿಡಿಯುದ್ದಕ್ಕೂ ಒಂದೇ ಸ್ಫೋಟವನ್ನು ಹಿಡಿದು ನಡೆಯುತ್ತೇನೆ: 2006ರ ಏಪ್ರಿಲ್ 18ರ ಜಿಆರ್‌ಬಿ 060418 (ಗಾಮಾ ಕಿರಣ ಸ್ಫೋಟದ ಇಂಗ್ಲಿಷ್ ಮೊದಲಕ್ಷರಗಳು, ಬಳಿಕ ವರ್ಷ, ತಿಂಗಳು, ದಿನ). ಚಿಲಿಯ ಲಾ ಸಿಲ್ಲಾದಲ್ಲಿರುವ ರೆಮ್ ಎಂಬ 60 ಸೆಂಟಿಮೀಟರ್ ಕನ್ನಡಿಯ ದೂರದರ್ಶಕ ಇದನ್ನೂ ಅದೇ ವರ್ಷದ ಜೂನ್ 7ರ ಜಿಆರ್‌ಬಿ 060607ಎ ಸ್ಫೋಟವನ್ನೂ ಅವಕೆಂಪು ಬೆಳಕಿನಲ್ಲಿ ಏರಿಕೆಯಿಂದ ಇಳಿಕೆಯವರೆಗೆ ಹಿಡಿಯಿತು. 2007ರಲ್ಲಿ ಪ್ರಕಟವಾದ ಆ ವಿಶ್ಲೇಷಣೆಯೇ ಈ ವಿಧಾನಕ್ಕೆ ಇಂದಿಗೂ ಒಳ್ಳೆಯ ಪಾಠ.

ಮೊದಲು ಬೇಕಾದದ್ದು ಶಿಖರದ ಎರಡೂ ಕಡೆ ಬಿಂದುಗಳಿರುವ ದೃಗ್ಗೋಚರ ಅಥವಾ ಅವಕೆಂಪು ಬೆಳಕಿನ ವಕ್ರರೇಖೆ. ಕ್ಷ ಕಿರಣದ ವಕ್ರರೇಖೆ ಸುಲಭವಾಗಿ ಸಿಗುತ್ತದಾದರೂ ಅದನ್ನು ಇಲ್ಲಿ ನೆಚ್ಚಿಕೊಳ್ಳಬಾರದು, ಏಕೆಂದರೆ ಸ್ಫೋಟದ ಕೇಂದ್ರ ಯಂತ್ರ, ಅಂದರೆ ಹೊರಹರಿವನ್ನು ಚಿಮ್ಮಿಸಿದ ಮೂಲ, ಆಗಲೂ ಉಗುಳುತ್ತಿರುವ ಜ್ವಾಲೆಗಳು ಅದೇ ನಿಮಿಷಗಳಲ್ಲಿ ಕ್ಷ ಕಿರಣದಲ್ಲಿ ಮೇಲೆದ್ದು ಮುಮ್ಮುಖ ಆಘಾತ ತರಂಗದ ಶಿಖರವನ್ನು ಮುಚ್ಚಿಬಿಡುತ್ತವೆ. 060418ರಲ್ಲಿ ಆದದ್ದೂ ಅದೇ. ಎರಡನೆಯದಾಗಿ ಕೆಂಪು ಪಲ್ಲಟ, ಅಂದರೆ ವಿಶ್ವ ಹಿಗ್ಗುವುದರಿಂದ ಬೆಳಕಿನ ತರಂಗ ಎಷ್ಟು ಉದ್ದವಾಗಿದೆ ಎಂಬ ಅಳತೆ ಬೇಕು. ಅದಿಲ್ಲದೆ ದೂರವೂ ಇಲ್ಲ, ಶಕ್ತಿಯೂ ಇಲ್ಲ. ಮೂರನೆಯದಾಗಿ ಗಾಮಾ ಕಿರಣಗಳಲ್ಲಿ ಹೊರಬಿದ್ದ ಒಟ್ಟು ಶಕ್ತಿ ಬೇಕು. ಇದನ್ನು ಎಲ್ಲ ದಿಕ್ಕಿಗೂ ಸಮನಾಗಿ ಸೂಸಿತೆಂದು ಭಾವಿಸಿಯೇ ಲೆಕ್ಕ ಹಾಕಬೇಕು. ಹೊರಹರಿವು ಒಂದೇ ದಿಕ್ಕಿಗೆ ಚಿಮ್ಮುವ ಕಿರಿದಾದ ಜೆಟ್ ಆಗಿದ್ದರೂ ತೊಂದರೆಯಿಲ್ಲ, ಈ ಆರಂಭದ ಹೊತ್ತಿನಲ್ಲಿ ನಮಗೆ ಕಾಣುವುದು ಜೆಟ್ಟಿನ ಒಂದು ಸಣ್ಣ ತೇಪೆ ಮಾತ್ರ. ಅದಕ್ಕೆ ಅಂಚು ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಸ್ವಿಫ್ಟ್‌ನ ಗಾಮಾ ಉಪಕರಣ 15ರಿಂದ 150 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಕಿರಿದಾದ ಪಟ್ಟಿಯನ್ನಷ್ಟೇ ನೋಡುವುದರಿಂದ, ಸಾಧ್ಯವಿದ್ದಾಗಲೆಲ್ಲ ಕೋನಸ್-ವಿಂಡ್ ಎಂಬ ಉಪಕರಣದ ಅಥವಾ 2008ರಲ್ಲಿ ಹಾರಿದ ಫರ್ಮಿ ಉಪಗ್ರಹದ ಅಗಲ ಪಟ್ಟಿಯ ರೋಹಿತವನ್ನು ಬಳಸಿ, ಮೂಲದ ಚೌಕಟ್ಟಿನಲ್ಲಿ 1ರಿಂದ 10,000 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಮೊತ್ತ ತೆಗೆಯುವುದು ವಾಡಿಕೆ.

ಕಾಲವನ್ನು ಎಲ್ಲಿಂದ ಎಣಿಸಬೇಕು

ಹೆಚ್ಚಿನವರು ಉಪಗ್ರಹದ ಎಚ್ಚರಿಕೆ ಮೊಳಗಿದ ಕ್ಷಣವನ್ನೇ ಸೊನ್ನೆಯೆಂದು ಇಟ್ಟುಕೊಳ್ಳುತ್ತಾರೆ. ಆ ಕ್ಷಣ ಉಪಕರಣದ ಗಣಕ ತೀರ್ಮಾನಿಸಿದ್ದು, ಸ್ಫೋಟ ತೀರ್ಮಾನಿಸಿದ್ದಲ್ಲ. ಕೆಲವೊಮ್ಮೆ ಮುಖ್ಯ ಸ್ಫೋಟಕ್ಕೆ ಮುಂಚಿನ ಕ್ಷೀಣ ಮಿಡಿತವೊಂದೇ ಎಚ್ಚರಿಕೆಯನ್ನು ಮೊಳಗಿಸಿಬಿಡುತ್ತದೆ. ಉಳಿಬೆಳಕನ್ನು ಹೊತ್ತಿಸಿದ ಶಕ್ತಿ ಬಹಳ ಹೊತ್ತಿನ ಬಳಿಕ ಹೊರಬಂದಿರುತ್ತದೆ.

ಇದರ ತೀವ್ರ ಉದಾಹರಣೆ 2022ರ ಅಕ್ಟೋಬರ್ 9ರ ಜಿಆರ್‌ಬಿ 221009ಎ. ಚೀನಾದ ದಾವೋಚೆಂಗ್‌ನಲ್ಲಿರುವ ಲಾಸೊ ವೀಕ್ಷಣಾಲಯ ಟೆರಾ ಎಲೆಕ್ಟ್ರಾನ್ ವೋಲ್ಟ್ ಮಟ್ಟದ ಕಿರಣಗಳಲ್ಲಿ ಇದರ ಉಳಿಬೆಳಕು ಏರಿ ಇಳಿದದ್ದನ್ನು ಪೂರ್ತಿ ಕಂಡಿತು. ಎಚ್ಚರಿಕೆ ಮೊಳಗಿದ್ದು ಮುನ್ಮಿಡಿತಕ್ಕೆ, ಮುಖ್ಯ ಸ್ಫೋಟ ಬಂದದ್ದು ಮೂರು ನಿಮಿಷಕ್ಕೂ ಹೆಚ್ಚು ತಡವಾಗಿ. ಆದ್ದರಿಂದ ಆ ತಂಡ ಎಚ್ಚರಿಕೆಯ ನಂತರದ 226ನೇ ಸೆಕೆಂಡನ್ನು ಸೊನ್ನೆಯಾಗಿ ಆರಿಸಿಕೊಂಡಿತು. ಅಲ್ಲಿಂದ ಶಿಖರ 18 ಸೆಕೆಂಡಿಗೆ ಬಂತು. ಎಚ್ಚರಿಕೆಯಿಂದಲೇ ಎಣಿಸಿದ್ದರೆ 244 ಸೆಕೆಂಡ್ ಆಗುತ್ತಿತ್ತು, ಲೊರೆಂಟ್ಜ್ ಗುಣಕ 2.7 ಪಟ್ಟು ಕಡಿಮೆಯಾಗಿ ಬರುತ್ತಿತ್ತು.

ಗಾಮಾ ವಕ್ರರೇಖೆಯನ್ನು ತೆರೆದಿಟ್ಟುಕೊಂಡು, ಶಕ್ತಿಯ ಬಹುಪಾಲು ಯಾವಾಗ ಬಿಡುಗಡೆಯಾಗತೊಡಗಿತು ಎಂದು ನೋಡಿ, ಅಲ್ಲಿಗೆ ಸೊನ್ನೆಯನ್ನು ಸರಿಸುವುದು ಒಂದು ದಾರಿ. ಹೊಂದಿಕೆಯಲ್ಲಿ ಸೊನ್ನೆಯನ್ನೇ ಸ್ವತಂತ್ರ ಚರವಾಗಿ ಬಿಡುವುದು ಇನ್ನೊಂದು. ಎರಡನೆಯದು ಪ್ರಾಮಾಣಿಕವೆನಿಸಿದರೂ ಬಿಂದುಗಳು ಕಡಿಮೆಯಿದ್ದಾಗ ಏರಿಕೆಯ ಕಡಿದಾದ ಇಳಿಜಾರು ಮತ್ತು ಸೊನ್ನೆಯ ಸ್ಥಾನ ಒಂದಕ್ಕೊಂದು ತಳುಕು ಹಾಕಿಕೊಂಡು ಯಾವುದೂ ನಿಲ್ಲುವುದಿಲ್ಲ. ನಾನಾದರೆ ಗಾಮಾ ವಕ್ರರೇಖೆಯನ್ನು ನೋಡಿ ಸೊನ್ನೆಯನ್ನು ಗೊತ್ತುಪಡಿಸಿ, ಬೇರೆ ಒಂದೆರಡು ಆಯ್ಕೆಗಳಿಗೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ಪಕ್ಕದಲ್ಲಿ ಬರೆದಿಡುತ್ತೇನೆ.

ಶಿಖರವನ್ನು ಹೊಂದಿಸುವುದು

ಕಾಂತಿಮಾನವನ್ನು ಪ್ರಕಾಶ ಪ್ರಮಾಣಕ್ಕೆ ಬದಲಿಸಿ, ಕಾಲ ಮತ್ತು ಪ್ರಮಾಣ ಎರಡನ್ನೂ ಲಾಗರಿದಮ್ ಅಕ್ಷದಲ್ಲಿ ಹಾಕಿದರೆ ಏರಿಕೆಯೂ ಇಳಿಕೆಯೂ ಸರಳರೇಖೆಗಳಾಗಿ ಕಾಣಬೇಕು, ನಡುವೆ ದುಂಡಗಿನ ತಿರುವು. ಇವೆರಡು ಘಾತ ನಿಯಮಗಳನ್ನು ಒಂದು ನಯಗೊಳಿಸುವ ಸಂಖ್ಯೆಯಿಂದ ಬೆಸೆಯುವ ಸೂತ್ರವನ್ನು ಹೊಂದಿಸುವುದು ರೂಢಿ. ಇಲ್ಲಿ ಎಡವುವ ಜಾಗವೊಂದಿದೆ. ಸೂತ್ರದೊಳಗಿನ ತಿರುವಿನ ಕಾಲವೂ ವಕ್ರರೇಖೆಯ ಶಿಖರದ ಕಾಲವೂ ಒಂದೇ ಅಲ್ಲ. ಏರಿಕೆಯ ಘಾತವನ್ನು ಇಳಿಕೆಯ ಘಾತದಿಂದ ಭಾಗಿಸಿ, ಆ ಭಾಗಲಬ್ಧವನ್ನು ನಯಸಂಖ್ಯೆ ಮತ್ತು ಎರಡೂ ಘಾತಗಳ ಮೊತ್ತದ ಗುಣಲಬ್ಧದಷ್ಟನೆಯ ಮೂಲಕ್ಕೆ ತಂದು, ತಿರುವಿನ ಕಾಲದಿಂದ ಗುಣಿಸಿದರೆ ಶಿಖರ ಕಾಲ ಸಿಗುತ್ತದೆ. ಏರಿಕೆ 2.7, ಇಳಿಕೆ 1.28, ನಯಸಂಖ್ಯೆ 1 ಇದ್ದರೆ ಶಿಖರ ತಿರುವಿಗಿಂತ ಶೇ. 20ರಷ್ಟು ತಡವಾಗಿ ಬರುತ್ತದೆ. ತಂತ್ರಾಂಶ ಉಗುಳಿದ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡರೆ ಅಂತಿಮ ಗುಣಕದಲ್ಲಿ ಶೇ. 7ರ ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಚಿತ್ರಗಳ ಒಡ್ಡಿಕೆಯ ಅವಧಿಯ ಮೇಲೂ ಕಣ್ಣಿಡಬೇಕು. ಸ್ಫೋಟವಾಗಿ 80 ಸೆಕೆಂಡಿಗೆ ಶುರುವಾದ 60 ಸೆಕೆಂಡಿನ ಒಡ್ಡಿಕೆಯೊಳಗೆ ಹೊಳಪು ಹಲವು ಪಟ್ಟು ಏರಿರುತ್ತದೆ. ಅದರ ಮಧ್ಯಬಿಂದುವನ್ನು ಅಳತೆಯ ಕಾಲವೆಂದು ಬರೆದುಕೊಂಡರೆ ಏರಿಕೆ ವಾರೆಯಾಗುತ್ತದೆ. ಮಾದರಿಯ ಹೊಳಪನ್ನೇ ಆ ಒಡ್ಡಿಕೆಯುದ್ದಕ್ಕೂ ಸರಾಸರಿ ಮಾಡಿ ಅಳತೆಗೆ ಹೋಲಿಸುವುದು ಸರಿಯಾದ ಕ್ರಮ, ಅದಕ್ಕೆ ನಾಲ್ಕು ಸಾಲಿನ ಕೋಡ್ ಸಾಕು.

060418ಕ್ಕೆ ಹೀಗೆ ಹೊಂದಿಸಿದಾಗ ಶಿಖರ 153 ಸೆಕೆಂಡಿಗೆ ಬಂತು, ಆಚೀಚೆ 10 ಸೆಕೆಂಡ್. 060607ಎಗೆ 180 ಸೆಕೆಂಡ್, ಆಚೀಚೆ 6.

ಇದು ಬೇಕಾದ ಶಿಖರವೇ?

ಇನ್ನು ಸಂಶಯ ಪಡುವ ಕೆಲಸ. ಹೊಳಪು ಏರಿ ಇಳಿಯಲು ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಯಾವುದನ್ನಾದರೂ ನಿಧಾನಗೊಂಡ ಶಿಖರವೆಂದು ತಿಳಿದರೆ ಲೆಕ್ಕ ಅಚ್ಚುಕಟ್ಟಾಗಿಯೇ ಬರುತ್ತದೆ, ಅರ್ಥ ಮಾತ್ರ ಇರುವುದಿಲ್ಲ.

ಮೊದಲು ಏರಿಕೆಯ ಕಡಿದನ್ನು ನೋಡಿ. ಸುತ್ತಲಿನ ಅನಿಲ ಎಲ್ಲೆಡೆ ಒಂದೇ ಸಾಂದ್ರತೆಯದ್ದಾಗಿದ್ದರೆ ನಿಧಾನಗೊಳ್ಳುವ ಮುಂಚೆ ಹೊಳಪು ಕಾಲದ ವರ್ಗಕ್ಕೋ ಘನಕ್ಕೋ ಅನುಪಾತದಲ್ಲಿ ಏರುತ್ತದೆ. ಕಾಲ ಇಮ್ಮಡಿಯಾಗುವಷ್ಟರಲ್ಲಿ ಹೊಳಪು ನಾಲ್ಕರಿಂದ ಎಂಟು ಪಟ್ಟು, ಕಾಂತಿಮಾನದಲ್ಲಿ ಒಂದೂವರೆಯಿಂದ ಎರಡೂಕಾಲು. ವಕ್ರರೇಖೆಯ ಮೇಲೆ ಕಣ್ಣಳತೆಯಲ್ಲೇ ಇದನ್ನು ಪರೀಕ್ಷಿಸಬಹುದು. ಅದರ ಬದಲು ಸಾಯುವ ಮುನ್ನ ನಕ್ಷತ್ರವೇ ಬೀಸಿದ ಗಾಳಿಯೊಳಗೆ ಹೊರಹರಿವು ನುಗ್ಗುತ್ತಿದ್ದರೆ, ದೂರದ ವರ್ಗಕ್ಕೆ ವಿಲೋಮವಾಗಿ ಸಾಂದ್ರತೆ ತಗ್ಗುವುದರಿಂದ ಏರಿಕೆ ತೀರಾ ಸಾಧುವಾಗಿರುತ್ತದೆ, ಎಷ್ಟೋ ಸಲ ಏರಿಕೆಯೇ ಇರುವುದಿಲ್ಲ. 060418 ಮತ್ತು 060607ಎ ಎರಡರ ಏರಿಕೆಯೂ ಕಡಿದಾಗಿತ್ತು, ಅನಿಶ್ಚಿತತೆ ದೊಡ್ಡದಿದ್ದರೂ ಗಾಳಿಯ ಮಾದರಿಗೆ ಒಗ್ಗುವಂಥದ್ದಲ್ಲ.

ಬಣ್ಣವೂ ಸಾಕ್ಷಿ ಹೇಳುತ್ತದೆ. ಹೊರಹರಿವು ಜಗ್ಗುವುದು ಒಂದು ಯಾಂತ್ರಿಕ ಘಟನೆ, ಆದ್ದರಿಂದ ಶಿಖರ ಎಲ್ಲ ಬಣ್ಣಗಳಲ್ಲೂ ಒಂದೇ ಹೊತ್ತಿಗೆ ಬರಬೇಕು. ನೀಲಿಯಲ್ಲಿ ಮೊದಲು, ಕೆಂಪಿನಲ್ಲಿ ಆಮೇಲೆ, ಅವಕೆಂಪಿನಲ್ಲಿ ಇನ್ನೂ ತಡವಾಗಿ ಶಿಖರ ಬಂದರೆ ಅದು ಸಿಂಕ್ರೋಟ್ರಾನ್ ರೋಹಿತದ ಅತಿ ಹೊಳಪಿನ ಭಾಗ ನಿಮ್ಮ ಪಟ್ಟಿಯನ್ನು ದಾಟಿ ಹೋದ ಗುರುತು. ಅದರಿಂದ ವೇಗ ಸಿಗುವುದಿಲ್ಲ. ಹೊರಹರಿವಿನೊಳಕ್ಕೇ ಹಿಂದಿರುಗಿ ಸಾಗುವ ಹಿಮ್ಮುಖ ಆಘಾತ ತರಂಗದ ಮಿಂಚು ಇನ್ನೊಂದು ವೇಷಧಾರಿ. ಅದರ ಇಳಿಕೆ ಕಾಲದ ವರ್ಗಕ್ಕೆ ವಿಲೋಮವಾಗಿ, ಅಂದರೆ ಘಾತ 2ರಷ್ಟು ಕಡಿದಾಗಿರುತ್ತದೆ, ಉಳಿಬೆಳಕಿನ ಎಂದಿನ ಇಳಿಕೆ 1.2ರ ಆಸುಪಾಸು. 1999ರ ಮಿಂಚು ಇಂಥದ್ದೇ. ಹೊರಹರಿವಿನ ಪದರ ತೆಳುವಾಗಿದ್ದರೆ ಈ ಮಿಂಚೂ ಹೆಚ್ಚುಕಡಿಮೆ ನಿಧಾನಗೊಳ್ಳುವ ಹೊತ್ತಿಗೇ ಬರುವುದರಿಂದ ಅದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಆದರೆ ಏನನ್ನು ಅಳೆದಿದ್ದೀರಿ ಎಂದು ಬರೆಯಲೇಬೇಕು. ಜೆಟ್ಟನ್ನು ನಾವು ಓರೆಯಿಂದ ನೋಡುತ್ತಿದ್ದರೂ ತಡವಾದ ಶಿಖರ ಕಾಣುತ್ತದೆ. ಗಾಮಾ ಸ್ಫೋಟವೇ ಮಂಕಾಗಿದ್ದಾಗ ಈ ಅನುಮಾನ ಬಲವಾಗುತ್ತದೆ.

ಕೊನೆಯದಾಗಿ, ಶಿಖರ ಗಾಮಾ ಸ್ಫೋಟ ಮುಗಿದ ಮೇಲೆ ಬಂದಿರಬೇಕು. ಸ್ಫೋಟ ಇನ್ನೂ ನಡೆಯುತ್ತಿರುವಾಗಲೇ ಬಂದ ಶಿಖರ ಯಂತ್ರ ಎಷ್ಟು ಹೊತ್ತು ಓಡಿತು ಎಂಬುದನ್ನು ಹೇಳುತ್ತದೆಯೇ ಹೊರತು ಹೊರಹರಿವು ಎಷ್ಟು ವೇಗವಾಗಿತ್ತು ಎಂಬುದನ್ನಲ್ಲ.

ಲೆಕ್ಕ

ಸಮ ಸಾಂದ್ರತೆಯ ಅನಿಲಕ್ಕೆ ಶಿಖರದ ಹೊತ್ತಿನ ಲೊರೆಂಟ್ಜ್ ಗುಣಕ ಹೀಗಿದೆ:

ಗುಣಕ ≈ 160 × [ಶಕ್ತಿ × (1 + ಪಲ್ಲಟ)³ ÷ (ದಕ್ಷತೆ × ಸಾಂದ್ರತೆ × ಕಾಲ³)]^(1/8)

ಇಲ್ಲಿ ಶಕ್ತಿಯನ್ನು 10⁵³ ಅರ್ಗ್‌ಗಳಲ್ಲಿಯೂ, ಕಾಲವನ್ನು ನೂರು ಸೆಕೆಂಡುಗಳಲ್ಲಿಯೂ, ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ ಇಷ್ಟು ಪ್ರೋಟಾನ್ ಎಂದೂ ಹಾಕಬೇಕು. ದಕ್ಷತೆಯೆಂದರೆ ಹೊರಹರಿವಿನ ಚಲನಶಕ್ತಿಗೆ ಹೋಲಿಸಿದರೆ ಗಾಮಾ ಕಿರಣವಾಗಿ ಹೊರಬಿದ್ದ ಪಾಲು, ಅದನ್ನು 0.2ರಿಂದ ಭಾಗಿಸಿ ಬರೆಯಬೇಕು, ಅಂದರೆ ಐದರಲ್ಲಿ ಒಂದು ಪಾಲು ಎಂದು ಭಾವಿಸಿದರೆ ಇಲ್ಲಿ 1.

060418ರ ಕೆಂಪು ಪಲ್ಲಟ 1.489, ಶಕ್ತಿ 9 × 10⁵² ಅರ್ಗ್. 2.489ರ ಘನ 15.4; ಅದನ್ನು 0.9ರಿಂದ ಗುಣಿಸಿದರೆ 13.9. ಕಾಲ 1.53ರ ಘನ 3.58. ಭಾಗಿಸಿದರೆ 3.88. ಇದರ ಎಂಟನೇ ಮೂಲ 1.18. ಆದ್ದರಿಂದ ಶಿಖರದ ಹೊತ್ತಿನ ಗುಣಕ ಸುಮಾರು 190. ಆ ಹೊತ್ತಿಗೆ ಹೊರಹರಿವು ತನ್ನ ಆರಂಭದ ಗುಣಕದ ಅರ್ಧಕ್ಕೆ ಇಳಿದಿರುತ್ತದೆ ಎಂದು ಇಟ್ಟುಕೊಂಡರೆ ಆರಂಭದ ಗುಣಕ 380. ಬೆಳಕಿಗಿಂತ ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟೇ ಹಿಂದೆ.

ಇಷ್ಟಕ್ಕೇ ಬಿಡದೆ ತಾಳೆ ನೋಡುವುದು ಒಳ್ಳೆಯದು. ಗುಣಕದ ವರ್ಗದ ಇಮ್ಮಡಿಯನ್ನು ಬೆಳಕಿನ ವೇಗ ಮತ್ತು ಕಾಲದಿಂದ ಗುಣಿಸಿ, 1 ಕೂಡಿದ ಪಲ್ಲಟದಿಂದ ಭಾಗಿಸಿದರೆ ಹೊರಹರಿವು ಶಿಖರದ ಹೊತ್ತಿಗೆ ತಲುಪಿದ ದೂರ ಸಿಗುತ್ತದೆ: 1.3 × 10¹⁷ ಸೆಂಟಿಮೀಟರ್. ಅಷ್ಟು ತ್ರಿಜ್ಯದ ಗೋಳದಲ್ಲಿ ಘನ ಸೆಂಟಿಮೀಟರಿಗೆ ಒಂದರಂತೆ ಪ್ರೋಟಾನ್ ಇದ್ದರೆ ಒಟ್ಟು ರಾಶಿ ಸುಮಾರು 1.6 × 10²⁸ ಗ್ರಾಂ, ಅಂದರೆ ಮೂರು ಭೂಮಿಗಳಿಗಿಂತ ಸ್ವಲ್ಪ ಕಡಿಮೆ. ಈ ರಾಶಿಯನ್ನು 190ರ ವರ್ಗದಿಂದಲೂ ಬೆಳಕಿನ ವೇಗದ ವರ್ಗದಿಂದಲೂ ಗುಣಿಸಿದರೆ 5 × 10⁵³ ಅರ್ಗ್ ಚಿಲ್ಲರೆ ಬರುತ್ತದೆ. ಹೊರಹರಿವಿನ ಚಲನಶಕ್ತಿ, 9 × 10⁵² ಅರ್ಗ್‌ನ ಐದು ಪಟ್ಟು, 4.5 × 10⁵³. ಎರಡೂ ಹತ್ತಿರ ಹತ್ತಿರ ಇವೆ, ಲೆಕ್ಕದಲ್ಲಿ ಘಾತ ತಪ್ಪಿಲ್ಲ. ಹತ್ತರ ಘಾತಗಳನ್ನು ಕೈಯಿಂದ ಕೂಡಿಸುವಾಗ ಈ ತಾಳೆ ನೋಡದೆ ಮುಂದೆ ಹೋಗಬೇಡಿ.

ಎಂಟನೇ ಮೂಲದ ಉಪಕಾರ, ಅಪಕಾರ

ಎಂಟನೇ ಮೂಲ ಅಜ್ಞಾನವನ್ನೆಲ್ಲ ಮನ್ನಿಸುತ್ತದೆ. ಶಕ್ತಿಯ ಅಂದಾಜು ಇಮ್ಮಡಿ ತಪ್ಪಿದರೂ ಗುಣಕ ಶೇ. 9ರಷ್ಟೇ ಬದಲಾಗುತ್ತದೆ. ದಕ್ಷತೆ 0.2ರ ಬದಲು 0.5 ಆಗಿದ್ದರೆ ಗುಣಕ ಶೇ. 11ರಷ್ಟು ತಗ್ಗುತ್ತದೆ. ಸಾಂದ್ರತೆ ಹತ್ತು ಪಟ್ಟು ಬೇರೆಯಾಗಿದ್ದರೂ ಗುಣಕ ಮೂರರಲ್ಲಿ ಒಂದಂಶ ಆಚೀಚೆಯಾಗುತ್ತದೆ, ಅಷ್ಟೇ. ಕಾಲದ ಘಾತ ಮಾತ್ರ ಎಂಟರಲ್ಲಿ ಮೂರು, ಆದ್ದರಿಂದ ಅದರ ತಪ್ಪೇ ಹೆಚ್ಚು ಕಚ್ಚುತ್ತದೆ.

ಇದರ ಅಪಕಾರವೇನೆಂದರೆ ಹೊಂದಿಕೆಯಿಂದ ಬಂದ ದೋಷವನ್ನಷ್ಟೇ ಬರೆದು ಉತ್ತರ ಬಲು ನಿಖರವೆಂದು ನಂಬಿಬಿಡುವುದು. 060418ರಲ್ಲಿ ಶಿಖರ ಕಾಲದ 10 ಸೆಕೆಂಡಿನ ಅನಿಶ್ಚಿತತೆ ಗುಣಕದಲ್ಲಿ ಆಚೀಚೆ 9 ಮಾತ್ರ. ಅದೇ ಸಾಂದ್ರತೆಯನ್ನು 0.1ರಿಂದ 10ರವರೆಗೆ ಬಿಟ್ಟರೆ 380 ಎಂಬುದು 285ರಿಂದ 505ರವರೆಗೆ ಹರಡಿಕೊಳ್ಳುತ್ತದೆ. ದಿನಗಳ ನಂತರದ ರೇಡಿಯೋ ಮತ್ತು ಕ್ಷ ಕಿರಣ ಅಳತೆಗಳಿಂದ ಸಾಂದ್ರತೆ ಸಿಕ್ಕಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ 1 ಎಂದು ಇಟ್ಟುಕೊಂಡದ್ದನ್ನು ಉತ್ತರದ ಪಕ್ಕದಲ್ಲೇ ಹೇಳಿ.

ಅನಿಲದ ಬಗೆಯನ್ನು ತಪ್ಪಾಗಿ ಆರಿಸಿದರೆ ಎಂಟನೇ ಮೂಲವೂ ಕೈಹಿಡಿಯುವುದಿಲ್ಲ. ನಕ್ಷತ್ರದ ಗಾಳಿಯ ಮಾದರಿಗೆ ಸೂತ್ರವೇ ಬೇರೆ:

ಗುಣಕ ≈ 62 × [ಶಕ್ತಿ × (1 + ಪಲ್ಲಟ) ÷ (ದಕ್ಷತೆ × ಗಾಳಿಯ ಪ್ರಮಾಣ × ಕಾಲ)]^(1/4)

ಗಾಳಿಯ ಪ್ರಮಾಣ 1 ಎಂದರೆ ನಕ್ಷತ್ರ ವರ್ಷಕ್ಕೆ ಸೂರ್ಯರಾಶಿಯ ಲಕ್ಷದ ಒಂದು ಪಾಲನ್ನು ಸೆಕೆಂಡಿಗೆ 1,000 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿತ್ತು ಎಂದರ್ಥ. 060418ರ ಸಂಖ್ಯೆಗಳನ್ನೇ ಇಲ್ಲಿ ಹಾಕಿದರೆ ಶಿಖರದ ಗುಣಕ 68, ಆರಂಭದ್ದು 136. ಅದೇ ಸ್ಫೋಟ, ಅದೇ ಶಿಖರ, ಉತ್ತರ ಮಾತ್ರ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಅದಕ್ಕೇ ಏರಿಕೆಯ ಕಡಿದನ್ನು ಅಳೆಯುವುದಕ್ಕೆ ಅಷ್ಟು ಮಹತ್ವ ಕೊಟ್ಟದ್ದು. ಏರಿಕೆಯ ಒಂದೇ ಒಂದು ಬಿಂದು ಇಟ್ಟುಕೊಂಡು ಶಿಖರ ಕಂಡೆನೆನ್ನುವವರು ಎರಡೂ ಮಾದರಿಗಳ ಉತ್ತರವನ್ನು ಕೊಡಬೇಕು.

ಇಮ್ಮಡಿ ಮಾಡುವ ವಿಷಯದಲ್ಲೂ ಎಲ್ಲರ ಮತ ಒಂದಲ್ಲ. ಶಿಖರದ ಗುಣಕವನ್ನು ಎರಡರಿಂದ ಗುಣಿಸಿ ಆರಂಭದ ಗುಣಕ ಪಡೆಯುವುದು 2007ರ ಆ ವಿಶ್ಲೇಷಣೆಯ ಕ್ರಮ. ಬೇರೆ ವ್ಯುತ್ಪತ್ತಿಗಳಲ್ಲಿ ಗುಣಾಂಕ ಬೇರೆಯಾಗಿ, ಉತ್ತರ ಅದರ ಅರ್ಧದವರೆಗೂ ತಗ್ಗುತ್ತದೆ. 221009ಎಗೆ ಲಾಸೊ ತಂಡ ಹೇಳಿದ ಆರಂಭದ ಗುಣಕ ಸುಮಾರು 440. ಆ ಸ್ಫೋಟದ ಪಲ್ಲಟ 0.151, ಶಿಖರ ಕಾಲ 18 ಸೆಕೆಂಡ್, ಚಲನಶಕ್ತಿ 10⁵⁵ ಅರ್ಗ್ (ಅದರ ಐದರಲ್ಲಿ ಒಂದು ಪಾಲು, ಅಂದರೆ ಸೂತ್ರದಲ್ಲಿ ಶಕ್ತಿ 20, ದಕ್ಷತೆ 1), ಸಾಂದ್ರತೆ 1 ಎಂದು ಮೇಲಿನ ಮೊದಲ ಸೂತ್ರಕ್ಕೆ ಹಾಕಿದರೆ ಶಿಖರದ ಗುಣಕವೇ 465ರ ಸುಮಾರಿಗೆ ಬರುತ್ತದೆ. ಇಮ್ಮಡಿ ಮಾಡಿದರೆ 900 ದಾಟುತ್ತದೆ. ಹಾಗಾಗಿ 060418ರ 380ನ್ನೂ ಇದರ 440ನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ಯಾವುದು ವೇಗದ್ದು ಎಂದು ಕೇಳುವುದರಲ್ಲಿ ಹುರುಳಿಲ್ಲ. ಹಲವು ಸ್ಫೋಟಗಳನ್ನು ಹೋಲಿಸುವಾಗ ಪ್ರಕಟಿತ ಗುಣಕಗಳನ್ನು ಎತ್ತಿಕೊಳ್ಳದೆ, ಶಿಖರ ಕಾಲ, ಪಲ್ಲಟ, ಶಕ್ತಿ ಇವನ್ನಷ್ಟೇ ತೆಗೆದುಕೊಂಡು ಒಂದೇ ಸೂತ್ರದಿಂದ ಮತ್ತೆ ಲೆಕ್ಕ ಹಾಕಬೇಕು.

ಉತ್ತರವನ್ನು ಬೇರೆ ವಿಧಾನದ ಪಕ್ಕದಲ್ಲಿಟ್ಟು ನೋಡಲು ಫರ್ಮಿಯ ಅತಿಶಕ್ತಿಯ ಫೋಟಾನುಗಳು ಕೆಲವೊಮ್ಮೆ ಸಹಾಯಕ್ಕೆ ಬರುತ್ತವೆ. ಜೋಡಿ ಹುಟ್ಟುವ ವಾದದಿಂದಲೇ 2008ರ ಸೆಪ್ಟೆಂಬರ್ 16ರ ಜಿಆರ್‌ಬಿ 080916ಸಿ ಸ್ಫೋಟಕ್ಕೆ ಸುಮಾರು 900, 2009ರ ಮೇ 10ರ ಜಿಆರ್‌ಬಿ 090510 ಸ್ಫೋಟಕ್ಕೆ ಸುಮಾರು 1,200 ಎಂಬ ಕನಿಷ್ಠ ಮಿತಿಗಳು ಬಂದಿದ್ದವು. ಎಲ್ಲ ಫೋಟಾನುಗಳೂ ಒಂದೇ ಜಾಗದಿಂದ ಹೊರಟವು ಎಂಬ ಊಹೆ ಸಡಿಲಿಸಿದರೆ ಈ ಮಿತಿಗಳೂ ಕೆಳಗಿಳಿಯುತ್ತವೆ.

ಶಿಖರ ಕಾಣದಿದ್ದಾಗ

ಎಷ್ಟೋ ಸ್ಫೋಟಗಳಲ್ಲಿ ದೂರದರ್ಶಕ ತಿರುಗಿ ನಿಲ್ಲುವಷ್ಟರಲ್ಲಿ ಉಳಿಬೆಳಕು ಇಳಿಯತೊಡಗಿರುತ್ತದೆ. ಅಂಥ ದತ್ತಾಂಶವನ್ನು ಬಿಸಾಡಬಾರದು. ಮೊದಲ ಬಿಂದುವಿನಿಂದಲೇ ಇಳಿಕೆ ಒಂದೇ ಘಾತದಲ್ಲಿ ನೇರವಾಗಿ ಸಾಗಿದ್ದು, ಆ ಘಾತ ಹಿಮ್ಮುಖ ತರಂಗದ್ದಲ್ಲವೆಂದು ಖಚಿತವಾದರೆ, ಶಿಖರ ಆ ಮೊದಲ ಬಿಂದುವಿಗಿಂತ ಮುಂಚೆಯೇ ಬಂದಿತ್ತು ಎಂದಾಗುತ್ತದೆ. ಮೊದಲ ಬಿಂದುವಿನ ಕಾಲವನ್ನೇ ಸೂತ್ರಕ್ಕೆ ಹಾಕಿದರೆ ಸಿಗುವ ಗುಣಕ ಕನಿಷ್ಠ ಮಿತಿ. 060418ನ್ನು ಯಾರಾದರೂ 300 ಸೆಕೆಂಡಿನಿಂದ ಮಾತ್ರ ನೋಡಿದ್ದರೆ, ಅವರ ಲೆಕ್ಕದಲ್ಲಿ ಆರಂಭದ ಗುಣಕ 295ಕ್ಕಿಂತ ಹೆಚ್ಚು ಎಂದು ಬರುತ್ತಿತ್ತು, ಅದು ತಪ್ಪಾಗುತ್ತಿರಲಿಲ್ಲ. ಹಲವು ಸ್ಫೋಟಗಳ ಸರಾಸರಿ ತೆಗೆಯುವಾಗ ಶಿಖರ ಕಂಡವನ್ನು ಮಾತ್ರ ಸೇರಿಸಿಕೊಂಡು ಇಂಥ ಮಿತಿಗಳನ್ನು ಬಿಟ್ಟರೆ, ಶಿಖರ ತಡವಾಗಿ ಬಂದ ನಿಧಾನದ ಸ್ಫೋಟಗಳೇ ಪಟ್ಟಿಯಲ್ಲಿ ತುಂಬಿಕೊಂಡು, ಕ್ಯಾಮೆರಾ ತೆರೆಯುವ ಮುಂಚೆಯೇ ಶಿಖರ ದಾಟಿಹೋದ ವೇಗದ ಸ್ಫೋಟಗಳು ಲೆಕ್ಕದಿಂದ ಹೊರಗೇ ಉಳಿಯುತ್ತವೆ.